ಎಲೆ ಉದುರಿಸುವ ಹಾಲಿ ಮರ: ಟೆಕ್ಸಾಸ್ ಅಂಗಳದ ನನ್ನ ಅನುಭವ

ಜಿಗುಟು ಮಣ್ಣು, ಅದರಲ್ಲೂ ಸುಣ್ಣದಂಶದ ಮಣ್ಣು ಇರುವ ಟೆಕ್ಸಾಸ್ ಅಂಗಳಗಳಿಗೆ ನಾನು ಮೊದಲು ಹೇಳುವ ಮರ ಪಾಸಮ್‌ಹಾ, ಎಲೆ ಉದುರಿಸುವ ಒಂದು ಜಾತಿಯ ಹಾಲಿ (holly) ಮರ. ಸಸ್ಯಶಾಸ್ತ್ರದ ಹೆಸರು ಐಲೆಕ್ಸ್ ಡೆಸಿಡುವಾ. ಅಮೆರಿಕದ ಆಗ್ನೇಯ ಭಾಗದ ತಗ್ಗು ನೆಲ, ಹೊಳೆದಂಡೆಗಳಲ್ಲಿ ತಾನಾಗಿ ಬೆಳೆಯುವುದರಿಂದ ಆಗಾಗ ನೀರು ನಿಂತರೂ ತಡೆದುಕೊಳ್ಳುತ್ತದೆ. ಎಲೆಯೆಲ್ಲ ಉದುರಿದ ಮೇಲೆ ಬೂದು ಕೊಂಬೆಗಳ ತುಂಬ ಕೆಂಪು ಹಣ್ಣು ಉಳಿಯುತ್ತದೆ; ಈ ಮರ ನೆಡುವುದೇ ಅದಕ್ಕಾಗಿ.

ಇದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಜಾಯಿಕಾಯಿ ಬೆಳೆದವರಿಗೆ ಈ ಕಷ್ಟ ಗೊತ್ತು: ಬೀಜದ ಸಸಿ ಹೂ ಬಿಡುವವರೆಗೆ ಯಾವುದೆಂದು ತಿಳಿಯದು. ಪಾಸಮ್‌ಹಾ ಬೀಜ ಮೊಳೆಯಲು ಎರಡು ವರ್ಷವೂ ಹಿಡಿದೀತು. ಹಾಗಾಗಿ ನಾನು ಕೊಳ್ಳುವುದು ಹೆಸರಿರುವ ತಳಿಗಳನ್ನೇ: ಹಣ್ಣು ಬಿಡುವ ಹೆಣ್ಣಿಗೆ ವಾರೆನ್ಸ್ ರೆಡ್, ಅದಕ್ಕೆ ಪರಾಗ ಕೊಡುವ ಗಂಡಿಗೆ ರೆಡ್ ಎಸ್ಕಾರ್ಟ್. ಇವೆರಡರ ನಡುವೆ 50 ಅಡಿ ಮೀರದಂತೆ ನೆಡುತ್ತೇನೆ. ನರ್ಸರಿಯ ಚೀಟಿ ನಂಬಿಕೆ ಹುಟ್ಟಿಸದಿದ್ದರೆ ಹೂ ನೋಡಿ. ನಡುವೆ ಹಸಿರು ಗುಂಡು ಎದ್ದು ಕಂಡರೆ ಹೆಣ್ಣು, ಪರಾಗ ತುಂಬಿದ ಕೇಸರಗಳಿದ್ದರೆ ಗಂಡು.

ನೆಡಲು ಅಕ್ಟೋಬರ್–ನವೆಂಬರ್ ಒಳ್ಳೆಯದು; ಬೇಸಿಗೆಯೊಳಗೆ ಬೇರು ಹಿಡಿಯುತ್ತದೆ. ಗುಂಡಿಯ ಅಗಲ ಬೇರುಗಡ್ಡೆಯ (ಬೇರು ಹಿಡಿದಿರುವ ಮಣ್ಣಿನ ಮುದ್ದೆ) ಎರಡರಿಂದ ಮೂರು ಪಟ್ಟು, ಆಳ ಗಡ್ಡೆಯಷ್ಟೇ. ಕುಂಡದಲ್ಲಿ ಸುತ್ತಿಕೊಂಡ ಬೇರುಗಳನ್ನು ಕತ್ತರಿಸಿ, ಬುಡ ನೆಲಮಟ್ಟಕ್ಕಿಂತ ಒಂದಿಂಚು ಮೇಲಿರುವಂತೆ ಕೂರಿಸಿ. ಗುಂಡಿಗೆ ಗೊಬ್ಬರ ತುಂಬಬೇಡಿ, ತೆಗೆದ ಮಣ್ಣನ್ನೇ ಮುಚ್ಚಿ. ಮೇಲೆ ಒಣ ಎಲೆ, ತೊಗಟೆ ಚೂರಿನಂಥ ಮುಚ್ಚಿಗೆ ಮೂರಿಂಚು ಹಾಕಿ, ಕಾಂಡಕ್ಕೆ ತಾಗಿಸಬೇಡಿ. ಮರ 15–20 ಅಡಿ ಏರುತ್ತದೆ, ಹರವೂ ದೊಡ್ಡದು. ಗೋಡೆಯಿಂದ 10 ಅಡಿಯಾದರೂ ಬಿಡಿ.

ಹಣ್ಣು ಬಾರದಿರಲು ನಾನು ಹೆಚ್ಚಾಗಿ ಕಂಡ ಕಾರಣ ತಪ್ಪು ಕತ್ತರಿಕೆ. ಹೂ ಬಿಡುವುದು ಹಳೆಯ ಕೊಂಬೆಯ ಗಿಡ್ಡ ಚಿಗುರುಗಳಲ್ಲಿ. ಬೇಲಿಯಂತೆ ಮೇಲ್ಮೇಲೆ ಸವರಿದರೆ ಅವೇ ಹೋಗುತ್ತವೆ. ಚಳಿಗಾಲದ ಕೊನೆಯಲ್ಲಿ, ಚಿಗುರುವ ಮೊದಲು, ಅಡ್ಡಾದಿಡ್ಡಿ ಕೊಂಬೆಗಳನ್ನು ಮಾತ್ರ ಬುಡದಿಂದ ತೆಗೆಯಿರಿ. ಬೇರಿನಿಂದ ಏಳುವ ಕವಲುಗಳನ್ನು ಎಳೆಯದಾಗಿರುವಾಗಲೇ ಕಿತ್ತರೆ ಮರದ ಆಕಾರ ಉಳಿಯುತ್ತದೆ, ಬಿಟ್ಟರೆ ಪೊದೆಯಾಗುತ್ತದೆ. ಹೂವಿನ ಕಾಲದಲ್ಲಿ ಕೀಟನಾಶಕ ಬೇಡವೇ ಬೇಡ, ಪರಾಗ ಸಾಗಿಸುವುದು ಜೇನುನೊಣಗಳು. ಬೇಸಿಗೆಯಲ್ಲಿ ನೆಲ ತೀರಾ ಒಣಗಿದರೆ ಎಳೆಗಾಯಿ ಉದುರುತ್ತದೆ. ಮೊದಲ ವರ್ಷ ವಾರಕ್ಕೊಮ್ಮೆ ಆಳಕ್ಕಿಳಿಯುವಂತೆ ನೀರು ಕೊಡಿ.

ಹಣ್ಣು ಹಕ್ಕಿಗಳಿಗೆ ಆಹಾರ, ಮನುಷ್ಯರು ತಿಂದರೆ ವಾಂತಿ, ಭೇದಿ ಆಗಬಹುದು. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಆಟದ ಜಾಗದಿಂದ ದೂರ ನೆಡಿ.