ಹಳೇ ಜೀಪಿಗೆ ಕರೆಂಟ್ ಫ್ಯಾನ್: ವೈರಿಂಗ್ ಮಾಡಿದ ಬಗೆ

ಏಪ್ರಿಲ್ ತಿಂಗಳು. ಕುಂದಾಪುರದ ಅಕ್ಕನ ಮನೆಯಿಂದ ಆರು ಮೂಟೆ ತೆಂಗಿನಕಾಯಿ ಹೇರಿಕೊಂಡು ಹುಲಿಕಲ್ ಘಾಟಿ ಹತ್ತುತ್ತಿದ್ದೆ. ಮುಂದೆ ಒಂದು ಲಾರಿ ತೆವಳುತ್ತಿತ್ತು, ಅದರ ಹಿಂದೆ ನಾನೂ ತೆವಳುತ್ತಿದ್ದೆ. ಚಂಡಿಕಾಂಬಾ ದೇವಸ್ಥಾನದ ಹತ್ತಿರ ಬರುವಷ್ಟರಲ್ಲಿ ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು. ಗಾಡಿ ಪಕ್ಕಕ್ಕೆ ಹಾಕಿ, ಕೈಮುಗಿದು, ಒಂದು ಗಂಟೆ ಸುಮ್ನೆ ಕೂತೆ. ರೇಡಿಯೇಟರ್ ಬಿಸಿ ಇರುವಾಗ ಮುಚ್ಚಳಕ್ಕೆ ಕೈ ಹಾಕಲೇಬಾರದು. ಒಳಗೆ ಒತ್ತಡದಲ್ಲಿರುವ ನೀರು ಮುಖಕ್ಕೇ ಹಾರುತ್ತದೆ.

ನನ್ನ ಹಳೇ ಡೀಸೆಲ್ ಜೀಪಿನಲ್ಲಿ ರೇಡಿಯೇಟರ್ ತಣಿಸುವ ಫ್ಯಾನ್ ವಾಟರ್ ಪಂಪಿನ ಪುಲ್ಲಿಗೆ ಕೂತಿತ್ತು. ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಘಾಟಿಯಲ್ಲಿ ಎದುರುಗಾಳಿಯೂ ಇಲ್ಲ. ಗಾಳಿ ಹೆಚ್ಚು ಬೇಕಾದ ಹೊತ್ತಿನಲ್ಲೇ ಕಡಿಮೆ ಸಿಗುತ್ತದೆ. ಬ್ಯಾಟರಿಯಿಂದ ತಿರುಗುವ ಫ್ಯಾನಿಗೆ ಎಂಜಿನ್ ವೇಗದ ಹಂಗಿಲ್ಲ. ಆದರೆ ರೇಡಿಯೇಟರ್ ಒಳಗೇ ಕೆಸರು ಕಟ್ಟಿದ್ದರೆ ಯಾವ ಫ್ಯಾನ್ ಹಾಕಿಯೂ ಪ್ರಯೋಜನ ಇಲ್ಲ. ಮೊದಲು ಅದನ್ನು ತೊಳೆಸಿ.

ಅಪಘಾತವಾದ ಕಾರೊಂದರ ಫ್ಯಾನನ್ನು ಶಿವಮೊಗ್ಗದ ಗುಜರಿಯಲ್ಲಿ ಕೊಂಡೆ. ಮೋಟರ್ 12 ವೋಲ್ಟಿನದು, ಓಡುವಾಗ 11 ಆಂಪ್ ಎಳೆಯುತ್ತದೆ. ಶುರುವಾಗುವ ಕ್ಷಣದಲ್ಲಿ ಇದರ ಎರಡು ಮೂರು ಪಟ್ಟು ಎಳೆಯುತ್ತದೆ. ಈ ಲೆಕ್ಕ ನನಗೆ ಮೊದಲು ಗೊತ್ತಿರಲಿಲ್ಲ. ಬ್ಯಾಟರಿಯಿಂದ ಒಂದು ವೈರ್, ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್, ಅಲ್ಲಿಂದ ನೇರ ಫ್ಯಾನ್, ಹೀಗೆ ಎಳೆದಿದ್ದೆ. ನಾಲ್ಕನೇ ದಿನ ತೀರ್ಥಹಳ್ಳಿ ರಸ್ತೆಯಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ ಬಂತು. ಸ್ವಿಚ್ ಕರಗಿ ಒಂದು ಕಡೆ ವಾಲಿತ್ತು. ಬೆರಳು ತಾಗಿಸಿದರೆ ವೈರೂ ಬಿಸಿ. ಇನ್ನೂ ಹತ್ತು ನಿಮಿಷ ಬಿಟ್ಟಿದ್ದರೆ ಬೆಂಕಿಯೇ ಹತ್ತುತ್ತಿತ್ತು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಫ್ಯಾನಿನ ಕರೆಂಟು ಸ್ವಿಚ್ಚಿನ ಮೂಲಕ ಹೋಗಲೇಬಾರದು, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಡಬ್ಬಿ) ಮೂಲಕ ಹೋಗಬೇಕು.

ಕೆಲಸ ಶುರು ಮಾಡುವ ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿಡಿ. ಹಳೇ ಫ್ಯಾನ್ ಕಳಚಿ, ಆದರೆ ಬೆಲ್ಟ್ ಹಾಗೇ ಇರಲಿ. ವಾಟರ್ ಪಂಪ್, ಆಲ್ಟರ್ನೇಟರ್ ಎರಡೂ ಅದರ ಮೇಲೇ ನಿಂತಿವೆ. ಇಲ್ಲಿ ಒಂದು ಸೂಕ್ಷ್ಮ ಇದೆ. ಫ್ಯಾನ್ ತೆಗೆದ ಮೇಲೆ ಅದೇ ಬೋಲ್ಟ್ ವಾಪಸ್ ಹಾಕಿದರೆ ಉದ್ದ ಜಾಸ್ತಿ ಆಗುತ್ತದೆ. ತುದಿ ಒಳಗೆ ಹೋಗಿ ತಾಗುತ್ತದೆ, ಬಿಗಿಯಾದಂತೆ ಕಂಡರೂ ಪುಲ್ಲಿ ಸಡಿಲವೇ. ಗಿಡ್ಡ ಬೋಲ್ಟ್ ಹಾಕಿ, ಇಲ್ಲವೇ ಫ್ಯಾನಿನ ದಪ್ಪದಷ್ಟು ವಾಷರ್ ಕೊಡಿ.

ಹೊಸ ಫ್ಯಾನನ್ನು ರೇಡಿಯೇಟರಿನ ಹಿಂದೆ, ಎಂಜಿನ್ ಕಡೆಗೆ ಕೂರಿಸಿ. ಗಾಳಿ ತಳ್ಳುವುದಕ್ಕಿಂತ ಎಳೆಯುವುದು ಚೆನ್ನಾಗಿ ಕೆಲಸ ಮಾಡುತ್ತದೆ. ಪಟ್ಟಿ ಕಬ್ಬಿಣದಲ್ಲಿ ಬ್ರಾಕೆಟ್ ಮಾಡಿಸಿ. ರೇಡಿಯೇಟರಿನ ಮಧ್ಯದಿಂದ ಪ್ಲಾಸ್ಟಿಕ್ ಟೈ ತೂರಿಸಿ ಕಟ್ಟುವವರಿದ್ದಾರೆ. ನಮ್ಮ ರಸ್ತೆಗಳ ಕುಲುಕಾಟಕ್ಕೆ ಅದು ಉಜ್ಜಿ ಉಜ್ಜಿ ಟ್ಯೂಬ್ ತೂತಾಗುತ್ತದೆ, ಬೇಡ.

ಈಗ ರಿಲೇ. ಗಾಡಿ ಸಾಮಾನಿನ ಅಂಗಡಿಯಲ್ಲಿ 12 ವೋಲ್ಟ್, 40 ಆಂಪಿನ ನಾಲ್ಕು ಪಿನ್ ರಿಲೇ ಕೇಳಿ. ಕೆಳಗೆ 30, 87, 85, 86 ಎಂದು ನಂಬರ್ ಇರುತ್ತದೆ. ಮೊದಲ ಎರಡು ದಪ್ಪ ಕರೆಂಟಿನ ದಾರಿ. ಕೊನೆಯ ಎರಡು ಒಳಗಿನ ಕಾಯಿಲಿನದು. ಕಾಯಿಲ್ ಎಳೆಯುವುದು ಅರ್ಧ ಆಂಪಿಗಿಂತ ಕಡಿಮೆ, ಅದನ್ನು ಯಾವ ಸಣ್ಣ ಸ್ವಿಚ್ಚೂ ತಡೆದುಕೊಳ್ಳುತ್ತದೆ.

ಬ್ಯಾಟರಿಯ ಪ್ಲಸ್ಸಿನಿಂದ ಫ್ಯೂಸಿಗೆ, ಫ್ಯೂಸಿನಿಂದ 30ಕ್ಕೆ ವೈರ್ ಎಳೆಯಿರಿ. ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನ ಒಳಗೇ ಇರಲಿ. ಅದಕ್ಕಿಂತ ದೂರ ಇಟ್ಟರೆ ನಡುವಿನ ವೈರಿಗೆ ಕಾವಲೇ ಇಲ್ಲದಂತಾಗುತ್ತದೆ. ನಾನು 20 ಆಂಪಿನದು ಹಾಕಿದ್ದೆ, ಫ್ಯಾನ್ ಶುರುವಾಗುವಾಗ ಎರಡು ಸಲ ಹೋಯಿತು. ಈಗ 25ರದು ಇದೆ. 87ರಿಂದ ಫ್ಯಾನಿನ ಪ್ಲಸ್. ಈ ದಾರಿಗೂ ಫ್ಯಾನಿನ ಅರ್ತಿಗೂ (ಮೈನಸ್ಸಿನಿಂದ ಗಾಡಿಯ ಕಬ್ಬಿಣದ ಮೈಗೆ, ಅಂದರೆ ಬಾಡಿಗೆ, ಹೋಗುವ ದಾರಿ) 4 ಚದರ ಮಿಲಿಮೀಟರಿನ ವೈರ್ ಬೇಕು. ಕಾಯಿಲ್ ಕಡೆಗೆ 1 ಸಾಕು.

86ಕ್ಕೆ ಇಗ್ನಿಷನ್ ಆನ್ ಮಾಡಿದಾಗ ಮಾತ್ರ ಬರುವ ಕರೆಂಟ್ ಕೊಡಿ, ನಡುವೆ 5 ಆಂಪಿನ ಫ್ಯೂಸ್ ಇರಲಿ. ನೇರ ಬ್ಯಾಟರಿಯಿಂದ ಕೊಟ್ಟರೆ ಗಾಡಿ ನಿಲ್ಲಿಸಿದ ಮೇಲೂ ಫ್ಯಾನ್ ಓಡಬಹುದು, ಹಳೇ ಬ್ಯಾಟರಿಗೆ ಅದು ಭಾರ. 85ರಿಂದ ಥರ್ಮೋ ಸ್ವಿಚ್ಚಿನ ಒಂದು ಪಿನ್ನಿಗೆ, ಇನ್ನೊಂದು ಪಿನ್ನಿನಿಂದ ಗಾಡಿಯ ಬಾಡಿಗೆ. ನೀರು ಬಿಸಿಯಾದಾಗ ಸ್ವಿಚ್ ಕೂಡುತ್ತದೆ, ಕಾಯಿಲಿಗೆ ಅರ್ತ್ ಸಿಗುತ್ತದೆ, ರಿಲೇ ಟಕ್ ಅನ್ನುತ್ತದೆ, ಫ್ಯಾನ್ ಓಡುತ್ತದೆ.

ನನ್ನ ಥರ್ಮೋ ಸ್ವಿಚ್ 92 ಡಿಗ್ರಿಗೆ ಆನ್, 87ಕ್ಕೆ ಆಫ್. ಎಂಜಿನಿನ ಥರ್ಮೋಸ್ಟಾಟ್ (ಬಿಸಿಯಾದ ನೀರನ್ನು ರೇಡಿಯೇಟರಿಗೆ ಬಿಡುವ ಕವಾಟ) 82ಕ್ಕೆ ಬಾಯಿ ತೆರೆಯುತ್ತದೆ. ಸ್ವಿಚ್ಚಿನ ಅಂಕಿ ಥರ್ಮೋಸ್ಟಾಟಿಗಿಂತ ಮೇಲೇ ಇರಬೇಕು. ಇಲ್ಲದಿದ್ದರೆ ಫ್ಯಾನಿಗೆ ಬಿಡುವೇ ಇರುವುದಿಲ್ಲ. ಹಾಕುವ ಮೊದಲು ಪರೀಕ್ಷೆ ಮಾಡಿದೆ. ಅಡುಗೆಮನೆಯಲ್ಲಿ ಒಂದು ಪಾತ್ರೆ ನೀರು ಒಲೆಗಿಟ್ಟು, ಸ್ವಿಚ್ಚನ್ನು ದಾರದಲ್ಲಿ ಇಳಿಬಿಟ್ಟು, ಸ್ವಿಚ್ ಕೂಡಿದರೆ ಸದ್ದು ಮಾಡುವಂತೆ ಮಲ್ಟಿಮೀಟರ್ ಹಚ್ಚಿ ಕೂತೆ. ತಳದಲ್ಲಿ ಗುಳ್ಳೆ ಏಳುವಾಗ ಸದ್ದಿಲ್ಲ. ನೀರು ಕುದಿಗೆ ಬರುವ ಸ್ವಲ್ಪ ಮೊದಲು ಮೀಟರ್ ಕುಂಯ್ ಅಂದಿತು. ಒಲೆ ಆರಿಸಿ ಆರಲು ಬಿಟ್ಟೆ, ಸದ್ದು ನಿಂತಿತು. ಅಷ್ಟಾದರೆ ಸ್ವಿಚ್ ಸರಿ ಇದೆ ಎಂದರ್ಥ.

ಸ್ವಿಚ್ಚನ್ನು ರೇಡಿಯೇಟರಿನ ಮೇಲಿನ ಹೋಸಿನ ನಡುವೆ ಲೋಹದ ಅಡಾಪ್ಟರ್ ಹಾಕಿ ಕೂರಿಸಿದೆ. ಒಂದೇ ಪಿನ್ನಿನ ಸ್ವಿಚ್ ಆಗಿದ್ದರೆ ಇಲ್ಲಿ ಮೋಸ ಹೋಗುತ್ತೀರಿ. ಅದು ತನ್ನ ಮೈಯಿಂದಲೇ ಅರ್ತ್ ತೆಗೆದುಕೊಳ್ಳುತ್ತದೆ, ಆದರೆ ಅಡಾಪ್ಟರಿನ ಎರಡೂ ಕಡೆ ಕರೆಂಟ್ ಹರಿಯದ ರಬ್ಬರ್ ಅಲ್ವಾ? ಅಡಾಪ್ಟರಿನಿಂದ ಬಾಡಿಗೆ ಬೇರೆ ವೈರ್ ಕೊಡಬೇಕು.

ಡ್ಯಾಶ್‌ಬೋರ್ಡಿನಲ್ಲಿ ಎರಡು ಸ್ವಿಚ್ ಇಟ್ಟಿದ್ದೇನೆ. ಒಂದು 85ರಿಂದ ಬಾಡಿಗೆ, ಘಾಟಿ ಶುರುವಾಗುವ ಮೊದಲೇ ನಾನೇ ಫ್ಯಾನ್ ಹಚ್ಚಲು. ಇನ್ನೊಂದು 86ರ ದಾರಿಯಲ್ಲಿ, ಪೂರ್ತಿ ಬಂದ್ ಮಾಡಲು. ಮಳೆಗಾಲದಲ್ಲಿ ತೋಟದ ಹಳ್ಳ ದಾಟುವಾಗ ಇದು ಬೇಕೇ ಬೇಕು. ತಿರುಗುತ್ತಿರುವ ರೆಕ್ಕೆ ನೀರಿಗೆ ಸಿಕ್ಕರೆ ಬಾಗಿ ರೇಡಿಯೇಟರಿಗೇ ಹೊಡೆಯುತ್ತದೆ.

ಮಲೆನಾಡಿನಲ್ಲಿ ವೈರಿಂಗ್ ಕೆಡುವುದು ಹೆಚ್ಚಾಗಿ ಕಿಲುಬಿನಿಂದ. ಬರೀ ತಿರುಚಿ ಟೇಪ್ ಸುತ್ತಿದ ಜಾಯಿಂಟ್ ಬಿಚ್ಚಿ ನೋಡಿ, ಒಂದೇ ಮಳೆಗಾಲಕ್ಕೆ ತಾಮ್ರ ಹಸಿರಾಗಿರುತ್ತದೆ. ವೈರಿನ ತುದಿಗೆ ಲಗ್ (ಲೋಹದ ತುದಿ) ಹಾಕಿ ಇಕ್ಕಳದಲ್ಲಿ ಗಟ್ಟಿಯಾಗಿ ಒತ್ತಿ, ಎಳೆದು ನೋಡಿ, ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಹಾಕಿ. ಅರ್ತ್ ಕೊಡುವಲ್ಲಿ ಬಣ್ಣ ಕೆರೆದು ಹೊಳೆಯುವ ಕಬ್ಬಿಣ ಕಾಣಬೇಕು. ಬೋಲ್ಟ್ ಬಿಗಿದ ಮೇಲೆ ವ್ಯಾಸಲೀನ್ ಸವರಿ. ರಿಲೇಯನ್ನು ಪಿನ್ ಕೆಳಮುಖವಾಗಿ ಹಾಕಿ, ನೀರು ನಿಲ್ಲುವುದಿಲ್ಲ. ಕೊಟ್ಟಿಗೆಯಲ್ಲಿ ಇಲಿ ಕಾಟ ಇದ್ದರೆ ವೈರಿಗೆಲ್ಲ ಪೈಪ್ ತೊಡಿಸಿ.

ಬ್ಯಾಟರಿ ಮತ್ತೆ ಜೋಡಿಸಿ, ಇಗ್ನಿಷನ್ ಆನ್ ಮಾಡಿ, ಥರ್ಮೋ ಸ್ವಿಚ್ಚಿನ ಎರಡು ವೈರ್ ಬಿಚ್ಚಿ ಕೂಡಿಸಿ. ಆಗ ಕೈ ಫ್ಯಾನಿನ ಹತ್ತಿರ ಇರಬಾರದು. ರೇಡಿಯೇಟರಿನ ಮುಂದೆ ಒಂದು ಪೇಪರ್ ಹಿಡಿದರೆ ಅದು ಜಾಲರಿಗೆ ಅಂಟಿಕೊಳ್ಳಬೇಕು. ದೂರ ಹಾರಿದರೆ ಫ್ಯಾನ್ ಉಲ್ಟಾ ತಿರುಗುತ್ತಿದೆ, ಮೋಟರಿನ ಎರಡು ವೈರ್ ಅದಲುಬದಲು ಮಾಡಿ. ಫ್ಯಾನ್ ಓಡುತ್ತಿರುವಾಗಲೇ ಬ್ಯಾಟರಿಯ ಪ್ಲಸ್ಸಿಗೂ ಫ್ಯಾನಿನ ಪ್ಲಸ್ಸಿಗೂ ಮೀಟರ್ ಹಚ್ಚಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಎಲ್ಲೋ ಜಾಯಿಂಟ್ ಸಡಿಲ. ಮೈನಸ್ ಕಡೆಗೂ ಹಾಗೇ ನೋಡಿ. ನನಗೆ ಮೈನಸ್ಸಿನಲ್ಲಿ 0.9 ಬಂತು, ಅರ್ತ್ ಬೋಲ್ಟಿನ ಕೆಳಗೆ ಬಣ್ಣ ಉಳಿದಿತ್ತು. ಕೆರೆದ ಮೇಲೆ 0.2.

ಮೇ ತಿಂಗಳಲ್ಲಿ ಅದೇ ಘಾಟಿ, ಅಷ್ಟೇ ಮೂಟೆ. ಫ್ಯಾನ್ ತಾನೇ ಹಚ್ಚಿಕೊಂಡು ತಾನೇ ನಿಲ್ಲುತ್ತಾ ಬಂತು. ದೇವಸ್ಥಾನದ ಹತ್ತಿರ ಮುಳ್ಳು ನಡುವಿನಿಂದ ಒಂದು ಗೆರೆ ಮೇಲಿತ್ತು, ಅಷ್ಟೇ. ಅಲ್ಲಿ ನಿಲ್ಲಿಸಿ ಕಾಯಿ ಒಡೆಸಿಕೊಂಡು ಹೊರಟೆ.