ಚೌತಿಗೆ ಮೊದಲು ಕಾಲುದೀಪ ಬೆಳಗುವ ಬಗೆ

ಆಟಿ ತಿಂಗಳ ಮಳೆ ಹಿಡಿದು ಬಿಡುವ ಹೊತ್ತಿಗೆ ದೇವರ ಕೋಣೆಯ ಕಾಲುದೀಪವನ್ನೊಮ್ಮೆ ನೋಡಿ. ಹೊಳಪು ಹೋಗಿ ಕಂದು ಬಣ್ಣ, ಬತ್ತಿ ಇಡುವ ಮೂತಿಯಲ್ಲಿ ಮಸಿ, ತಿರುಪಿನ ಸಂದಿಯಲ್ಲಿ ಹಸಿರು ಕಿಲುಬು. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು ಬೆರೆಸಿ ಎರೆದ ಲೋಹ. ನಮ್ಮ ಕಡಲ ಬದಿಯ ಗಾಳಿಯಲ್ಲಿ ನೀರಿನ ಪಸೆಯೂ ಇದೆ, ಉಪ್ಪೂ ಇದೆ. ತಾಮ್ರಕ್ಕೆ ಎರಡೂ ಆಗಿಬರುವುದಿಲ್ಲ. ಮಲ್ಪೆ, ಉಳ್ಳಾಲದ ಮನೆಗಳಲ್ಲಿ ದೀಪ ಬೇಗ ಕಪ್ಪಾಗುವುದು ಸೊಸೆಯ ಸೋಮಾರಿತನದಿಂದಲ್ಲ ಮಾರಾಯ್ರೆ, ಗಾಳಿಯಿಂದ.

ತುಂಬ ಮಂದಿ ನೇರ ಹುಣಸೆಹುಳಿ ಹಚ್ಚಿ ತಿಕ್ಕಲು ಕೂರುತ್ತಾರೆ. ಎಣ್ಣೆ ಜಿಡ್ಡಿನ ಮೇಲೆ ಹುಳಿ ಹಿಡಿಯುವುದೇ ಇಲ್ಲ. ಕೈ ನೋಯುತ್ತದೆ, ದೀಪ ಹಾಗೇ ಇರುತ್ತದೆ.

ಹಾಗಾಗಿ ಮೊದಲ ಕೆಲಸ ಜಿಡ್ಡು ತೆಗೆಯುವುದು. ದೀಪದ ತಳ, ಕಂಬ, ತಟ್ಟೆ, ತುದಿ ಎಲ್ಲವನ್ನೂ ತಿರುಪು ಬಿಚ್ಚಿ ಬೇರೆ ಮಾಡಿ. ತಿರುಪು ಕಚ್ಚಿಕೊಂಡಿದ್ದರೆ ಸುತ್ತಿಗೆ ಎತ್ತಬೇಡಿ. ಎರಡು ಹನಿ ತೆಂಗಿನೆಣ್ಣೆ ಬಿಟ್ಟು ರಾತ್ರಿ ಇಡಿ, ಬೆಳಿಗ್ಗೆ ಬಟ್ಟೆ ಹಿಡಿದು ತಿರುಗಿಸಿ. ಆಮೇಲೆ ಬಿಸಿನೀರು, ಸೀಗೆಪುಡಿ ಹಾಕಿ ತೊಳೆಯಿರಿ. ಪಾತ್ರೆ ತೊಳೆಯುವ ಸೋಪಿನ ನೀರೂ ಆದೀತು. ಮೂತಿಯ ಮಸಿಗೆ ಹಳೆಯ ಹಲ್ಲುಜ್ಜುವ ಬ್ರಷ್ ಸಾಕು. ಒಲೆ ಬೂದಿ ಸಿಕ್ಕಿದರೆ ಇನ್ನೂ ಒಳ್ಳೆಯದು, ಜಿಡ್ಡನ್ನು ಎಳೆದು ತೆಗೆಯುತ್ತದೆ. ಆದರೆ ಜರಡಿ ಹಿಡಿದು ಹಾಕಿ, ಕಲ್ಲು ಮರಳು ಇದ್ದರೆ ಗೀರು ಬೀಳುತ್ತದೆ. ನೀರು ಹಾಕಿದಾಗ ಹನಿಹನಿಯಾಗಿ ನಿಲ್ಲದೆ ಸಮನಾಗಿ ಹರಡಿದರೆ ಜಿಡ್ಡು ಹೋಯಿತು ಅಂತ ಲೆಕ್ಕ.

ಈಗ ಹುಳಿ. ನಿಂಬೆ ಗಾತ್ರದ ಹುಣಸೆಹಣ್ಣನ್ನು ಅರ್ಧ ಲೋಟ ಬೆಚ್ಚಗಿನ ನೀರಲ್ಲಿ ಕಿವುಚಿ, ಒಂದು ಚಮಚ ಉಪ್ಪು ಹಾಕಿ. ಹಿತ್ತಲಲ್ಲಿ ಬಿಂಬುಳಿ ಉದುರಿ ಕೊಳೆಯುತ್ತಿದ್ದರೆ ಎಂಟು ಹತ್ತು ಜಜ್ಜಿ ಅದನ್ನೇ ಬಳಸಿ. ಶರಬತ್ತು ಮಾಡಿ ಉಳಿದ ಪುನರ್ಪುಳಿ ಸಿಪ್ಪೆಯೂ ನಡೆಯುತ್ತದೆ. ನನ್ನ ಮತ ಬಿಂಬುಳಿಗೆ, ಪುಕ್ಕಟೆ ಅಲ್ವಾ. ಕಪ್ಪು ಪದರವನ್ನು ಕರಗಿಸುವುದು ಹುಳಿಯೇ ಹೊರತು ನಿಮ್ಮ ತೋಳುಬಲ ಅಲ್ಲ. ಹಚ್ಚಿ ಐದು ನಿಮಿಷ ಬಿಡಿ, ತೆಂಗಿನ ನಾರಿನಿಂದ ಮೆಲ್ಲನೆ ಉಜ್ಜಿ, ತೊಳೆಯಿರಿ. ಕಲೆ ಉಳಿದರೆ ಇನ್ನೊಮ್ಮೆ ಹಚ್ಚಿ. ಸ್ಟೀಲ್ ನಾರು ಬೇಡ.

ಜಾಸ್ತಿ ಹೊತ್ತು ನೆನೆಸಿದರೆ ಜಾಸ್ತಿ ಹೊಳಪು ಅಂದುಕೊಂಡು ನಾನೊಮ್ಮೆ ಅಜ್ಜಿಯ ದೀಪವನ್ನು ರಾತ್ರಿಯಿಡೀ ಹುಳಿನೀರಲ್ಲಿ ಮುಳುಗಿಸಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಗುಲಾಬಿ ಬಣ್ಣ! ಹುಳಿ ಸತುವನ್ನು ತಿಂದು ಮೇಲೆ ತಾಮ್ರ ಉಳಿದಿತ್ತು. "ತಾಮ್ರದ ದೀಪ ಯಾವಾಗ ತಂದದ್ದು ಮಗಾ?" ಅಂತ ಅಮ್ಮ ಕೇಳಿದ್ದರು.

ಎಲ್ಲ ಹಿತ್ತಾಳೆಗೂ ಈ ಕ್ರಮ ಅಲ್ಲ. ಅಯಸ್ಕಾಂತ ಅಂಟಿದರೆ ಅದು ಹಿತ್ತಾಳೆ ಲೇಪದ ಕಬ್ಬಿಣ, ತಿಕ್ಕಿದರೆ ಲೇಪವೇ ಹೋಗುತ್ತದೆ. ಅಂಗಡಿಯಿಂದ ಬಂದ ಹೊಸ ದೀಪಕ್ಕೆ ವಾರ್ನಿಶ್ ಬಳಿದಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಆಯಿತು. ಕಲಾಯಿ ಹಾಕಿದ ಪಾತ್ರೆಯ ಒಳಗೆ ಹುಳಿ, ಬೂದಿ ತಿಕ್ಕಬೇಡಿ. ಹಳೆಯ ಪಂಚಲೋಹದ ಮೂರ್ತಿಗಳ ತಂಟೆಗಂತೂ ಹೋಗಲೇಬೇಡಿ.

ತೊಳೆದ ಮೇಲೆ ಒಂದು ಚಮಚ ಅಡುಗೆ ಸೋಡಾ ಹಾಕಿದ ನೀರಲ್ಲಿ ಅದ್ದಿ ತೆಗೆದರೆ ಉಳಿದ ಹುಳಿ ಸಾಯುತ್ತದೆ. ಮತ್ತೆ ಸಾದಾ ನೀರು. ತಕ್ಷಣ ಹತ್ತಿ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಇಡಿ. ನಮ್ಮೂರಲ್ಲಿ ಆ ದಿನವೇ ಬಿಸಿಲು ಕೈಕೊಡುತ್ತದೆ. ಆಗ ಒಲೆ ಬದಿ ಇಡಿ, ಇಲ್ಲ ಫ್ಯಾನಿನಡಿ. ತಿರುಪಿನೊಳಗೆ ನೀರು ನಿಂತರೆ ವಾರದಲ್ಲಿ ಮತ್ತೆ ಕಿಲುಬು. ಒಣಗಿದ ಮೇಲೆ ತಿರುಪಿಗೆ ಒಂದು ಬೆರಳು ಎಣ್ಣೆ ಸವರಿ ಜೋಡಿಸಿ. ದಿನಾ ಹಚ್ಚದ ದೀಪವನ್ನು ಒಣಬಟ್ಟೆಯಲ್ಲಿ ಸುತ್ತಿಡಿ, ಪ್ಲಾಸ್ಟಿಕ್ ಚೀಲದಲ್ಲಿ ಬೇಡ.

ಎಲ್ಲಿಡುತ್ತೀರಿ ಎಂಬುದೂ ಮುಖ್ಯ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೈನ್ಯದ ಕೋವಿಯ ಹಿತ್ತಾಳೆ ತೋಟೆಗಳು ಮಳೆಗಾಲದಲ್ಲಿ ಸುಮ್ಸುಮ್ನೆ ಬಿರುಕು ಬಿಡುತ್ತಿದ್ದವು. ಅವನ್ನು ಇಡುತ್ತಿದ್ದದ್ದು ಕುದುರೆ ಲಾಯದ ಹತ್ತಿರ. ಕುದುರೆ ಮೂತ್ರದಿಂದ ಏಳುವ ಅಮೋನಿಯಾ, ಮಳೆಯ ಪಸೆ, ಜೊತೆಗೆ ಒತ್ತಿ ಎಳೆದ ಹಿತ್ತಾಳೆಯೊಳಗಿನ ಬಿಗುವು, ಮೂರೂ ಸೇರಿ ಬಿರುಕು ಎಂದು 1921ರಲ್ಲಿ ವಿಜ್ಞಾನಿಗಳು ವಿವರಿಸಿದರು. ಎರಕದ ಕಾಲುದೀಪಕ್ಕೆ ಈ ಭಯ ಕಡಿಮೆ. ಬಡಿದು ಮಾಡಿದ ಕೊಡಪಾನ, ಹಂಡೆಗೆ ಇದೆ. ಗಾಜು ಒರೆಸುವ ದ್ರಾವಣಗಳಲ್ಲೂ ಅಮೋನಿಯಾ ಇರುವುದುಂಟು, ಹಿತ್ತಾಳೆಗೆ ಅದು ಬೇಡ. ದನದ ಹಟ್ಟಿಯ ಅಟ್ಟದಲ್ಲಿ ಅಜ್ಜನ ಕಾಲದ ಹಂಡೆ ಇಟ್ಟಿದ್ದರೆ ಇವತ್ತೇ ಕೆಳಗಿಳಿಸಿ.