ಮಳೆಗಾಲದಲ್ಲಿ ಬಗ್ಗಡದ ಗುಂಡಿ ಉಕ್ಕುವುದನ್ನು ನಿಲ್ಲಿಸಿದ್ದು ಹೀಗೆ

ನಮ್ಮದು ಸಾಗರದ ಕಡೆ ಅಡಿಕೆ ತೋಟ. 2 ಘನ ಮೀಟರಿನ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಇದೆ. ಗ್ಯಾಸ್ ಆದ ಮೇಲೆ ಹೊರಬರುವ ಸಗಣಿ ನೀರು, ಅಂದರೆ ಬಗ್ಗಡ, ಒಂದು ಗುಂಡಿಗೆ ಬೀಳುತ್ತದೆ. ಪ್ರತಿ ಜುಲೈನಲ್ಲೂ ಬಗ್ಗಡದ ಗುಂಡಿ ಉಕ್ಕಿ ಹಳ್ಳಕ್ಕೆ ಹರಿಯುತ್ತಿತ್ತು.

ಗುಂಡಿಯನ್ನು ಒಂದೂವರೆ ಅಡಿ ಆಳ ಮಾಡಿದೆ, ಅದೂ ತುಂಬಿತು. ತಾಡಪಾಲು ಹೊದಿಸಿದೆ, ಮೇಲೆ ನೀರು ನಿಂತು ಭಾರಕ್ಕೆ ಒಳಗೇ ಕುಸಿಯಿತು. ಮಳೆಯ ನಡುವೆ ತೋಟಕ್ಕೆ ಹೊಯ್ದರೆ ಎಲ್ಲ ತೊಳೆದುಹೋಗುತ್ತಿತ್ತು.

ಕೊನೆಗೆ ಲೆಕ್ಕ ಹಾಕಿದೆ. ದಿನಕ್ಕೆ 50 ಕಿಲೋ ಸಗಣಿ, 50 ಲೀಟರ್ ನೀರು. ಬಗ್ಗಡ ದಿನಕ್ಕೆ ಸುಮಾರು 100 ಲೀಟರ್. ಗುಂಡಿಯ ಬಾಯಿ 10 ಅಡಿಗೆ 10 ಅಡಿ. 100 ಮಿಲಿಮೀಟರ್ ಮಳೆ ಬಿದ್ದ ದಿನ ಅಲ್ಲಿಗೆ 900 ಲೀಟರ್ ನೀರು! ಗುಂಡಿ ತುಂಬಿಸುತ್ತಿದ್ದದ್ದು ಮಳೆಯೇ ಅಲ್ವಾ?

ಮೇ ತಿಂಗಳಲ್ಲೇ ಗುಂಡಿ ಪೂರ್ತಿ ಖಾಲಿ ಮಾಡಿದೆ. ಸುತ್ತ ಒಂದು ಅಡಿ ಎತ್ತರದ ಕಟ್ಟೆ, ಅದರಾಚೆ ನೀರು ಹೋಗಲು ಚರಂಡಿ. ಮೇಲೆ ತಗಡಿನ ಮಾಡು, ನಾಲ್ಕೂ ಕಡೆ ಎರಡು ಅಡಿ ಹೊರಗೆ ಚಾಚಿದೆ. ಗಾಳಿಯಾಡಲು ಬದಿಗಳನ್ನು ತೆರೆದೇ ಬಿಟ್ಟೆ. ಪಕ್ಕದಲ್ಲಿ ಅಷ್ಟೇ ದೊಡ್ಡ ಇನ್ನೊಂದು ಗುಂಡಿ, ಅದಕ್ಕೂ ಮಾಡು.

ಮುಖ್ಯವಾದದ್ದು ತರಗೆಲೆ. ಬೇಸಿಗೆಯಲ್ಲೇ ಗುಡಿಸಿ ಒಣಗಿದ್ದನ್ನು ಒಳಗಿಡಬೇಕು. ತಳಕ್ಕೆ ಒಂದು ಅಡಿ ಹಾಸಿ ಬಗ್ಗಡ ಬಿಡಿ. ಮೇಲೆ ತಿಳಿ ನೀರು ಕಂಡ ಕೂಡಲೇ ಮತ್ತೆ ಅರ್ಧ ಅಡಿ ಹಾಸಿ. ಒಂದು ತುಂಬಿದರೆ ಇನ್ನೊಂದಕ್ಕೆ ತಿರುಗಿಸಿ. ಮಳೆ ಮುಗಿಯುವಾಗ ಮೊದಲನೆಯದು ಬುಟ್ಟಿಯಲ್ಲಿ ಹೊರುವಷ್ಟು ಗಟ್ಟಿಯಾಗಿತ್ತು.

ಕೆದಕಲು ಗುಂಡಿಗೆ ಇಳಿಯಲೇಬೇಡಿ. ಒಳಗಿನ ಹೈಡ್ರೋಜನ್ ಸಲ್ಫೈಡ್ ಜೀವ ತೆಗೆಯುತ್ತದೆ. ಉದ್ದ ಹಿಡಿಯ ಗುದ್ದಲಿ ಹಿಡಿದು ಮೇಲಿಂದಲೇ ಎಳೆಯಿರಿ.